ಕಮಟು ಹಿಡಿದ ಕಣ

ಶೇಂಗಾ ಎಣ್ಣೆಯ ಡಬ್ಬಿಯನ್ನು ಮುಚ್ಚಳ ಹಾಕದೆ ಬಹಳ ದಿನ ಬಿಟ್ಟರೆ ಕಮಟು ವಾಸನೆ ಹೊಡೆಯುತ್ತದೆ. ಎಣ್ಣೆಗೆ ಹುಳ ಬಿದ್ದಿರುವುದಿಲ್ಲ, ಬೂಷ್ಟು ಹಿಡಿದಿರುವುದಿಲ್ಲ. ಗಾಳಿಯ ಆಮ್ಲಜನಕ ಎಣ್ಣೆಯೊಳಗಿನ ಕೊಬ್ಬಿನಾಮ್ಲಗಳನ್ನು ಹಿಡಿದು ಮುರಿದಿರುತ್ತದೆ, ಅಷ್ಟೆ. ಮುರಿದು ಬಿದ್ದ ಚೂರುಗಳಲ್ಲಿ ಆಲ್ಡಿಹೈಡುಗಳೆಂಬವು ಮೂಗಿಗೆ ಬಡಿಯುತ್ತವೆ. ನಮ್ಮ ಅಪಧಮನಿಗಳ ಗೋಡೆಯೊಳಗೂ ಇದೇ ಕ್ರಿಯೆ ನಡೆಯುತ್ತದೆ. ಅಲ್ಲಿಯೂ ಅದೇ ಬಗೆಯ ಕೊಬ್ಬಿನಾಮ್ಲ, ಅದೇ ಆಮ್ಲಜನಕ, ಅಂಥವೇ ಚೂರುಗಳು. ರಸಾಯನಶಾಸ್ತ್ರದಲ್ಲಿ ಇದಕ್ಕೆ ಉತ್ಕರ್ಷಣ ಎನ್ನುತ್ತೇವೆ. ಹೃದಯಾಘಾತದ ಬೇರು ಹುಡುಕುತ್ತ ಹೋದವರ ಕಣ್ಣಿಗೆ ಈ ಸಂಗತಿ ಬಿದ್ದದ್ದು 1980ರ ದಶಕದಲ್ಲಿ. ಅಲ್ಲಿಂದ ಮುಂದೆ ನಡೆದದ್ದು ವೈದ್ಯವಿಜ್ಞಾನದ ಇತಿಹಾಸದಲ್ಲಿ ಬಹಳ ಕಲಿಯಬೇಕಾದ ಅಧ್ಯಾಯ. ರೋಗ ಹುಟ್ಟುವ ಬಗೆ ಹೆಚ್ಚುಕಡಿಮೆ ಸರಿಯಾಗಿಯೇ ಗೊತ್ತಾಯಿತು. ಅದರಿಂದ ನೇರವಾಗಿ ಹೊಳೆದ ಔಷಧ ಮಾತ್ರ ಕೆಲಸ ಮಾಡಲಿಲ್ಲ.

ಮೊದಲು ಕಣವನ್ನೇ ಹತ್ತಿರದಿಂದ ನೋಡೋಣ. ಕೊಲೆಸ್ಟ್ರಾಲ್ ನೀರಿನಲ್ಲಿ ಕರಗುವುದಿಲ್ಲ, ರಕ್ತವೋ ಬಹುಪಾಲು ನೀರು. ಅದಕ್ಕಾಗಿ ಯಕೃತ್ತು ಕೊಲೆಸ್ಟ್ರಾಲನ್ನೂ ಇತರ ಕೊಬ್ಬನ್ನೂ ಲಿಪೊಪ್ರೋಟೀನ್ ಎಂಬ ಗೋಳಗಳಲ್ಲಿ ತುಂಬಿ ರಕ್ತಕ್ಕೆ ಬಿಡುತ್ತದೆ. ಈ ಗೋಳಗಳು ದಾರಿಯುದ್ದಕ್ಕೂ ಸ್ನಾಯುಗಳಿಗೆ, ಕೊಬ್ಬಿನ ಅಂಗಾಂಶಗಳಿಗೆ ಟ್ರೈಗ್ಲಿಸರೈಡ್ ಕೊಡುತ್ತ ಕೊಡುತ್ತ ಕುಗ್ಗಿ, ಕೊನೆಗೆ ಎಲ್‌ಡಿಎಲ್ ಆಗಿ ಉಳಿಯುತ್ತವೆ. ಇದರ ವ್ಯಾಸ ಸುಮಾರು 22 ನ್ಯಾನೊಮೀಟರ್. ಒಂದು ಮಿಲಿಮೀಟರ್ ಉದ್ದದ ಗೆರೆಯ ಮೇಲೆ 45,000 ಎಲ್‌ಡಿಎಲ್ ಕಣಗಳನ್ನು ಸಾಲಾಗಿ ಕೂರಿಸಬಹುದು. ತಿರುಳಿನಲ್ಲಿ ಸುಮಾರು 1,600 ಕೊಲೆಸ್ಟ್ರಾಲ್ ಎಸ್ಟರ್ ಅಣುಗಳು, ಒಂದಿಷ್ಟು ಟ್ರೈಗ್ಲಿಸರೈಡ್. ಹೊರಮೈಯಲ್ಲಿ ಸುಮಾರು 700 ಫಾಸ್ಫೊಲಿಪಿಡ್‌ಗಳು, ಅವುಗಳ ಸಂದಿಯಲ್ಲಿ ಬಿಡಿ ಕೊಲೆಸ್ಟ್ರಾಲ್. ಇಡೀ ಗೋಳವನ್ನು ಬಳಸಿಕೊಂಡಿರುವುದು ಒಂದೇ ಒಂದು ಪ್ರೋಟೀನ್, ಅಪೊಬಿ-100. ಅದು 4,536 ಅಮೈನೊ ಆಮ್ಲಗಳ ಉದ್ದನೆಯ ಸರ. ಆ ಸರದಲ್ಲಿ ಲೈಸೀನ್ ಎಂಬ ಅಮೈನೊ ಆಮ್ಲ 350ಕ್ಕೂ ಹೆಚ್ಚು ಕಡೆ ಬರುತ್ತದೆ. ಲೈಸೀನಿನ ತುದಿಯಲ್ಲಿ ಧನ ವಿದ್ಯುದಾವೇಶವಿರುತ್ತದೆ. ಈ ಲೈಸೀನನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಮುಂದಿನ ಕಥೆಯೆಲ್ಲ ಅದರ ಸುತ್ತಲೇ ನಡೆಯುತ್ತದೆ.

ಆಸ್ಟ್ರಿಯದ ಗ್ರಾಟ್ಸ್ ನಗರದ ಜೀವರಸಾಯನ ವಿಜ್ಞಾನಿ ಹೆರ್ಮಾನ್ ಎಸ್ಟರ್‌ಬಾವರ್ ಈ ಕಣದೊಳಗಿನ ಕೊಬ್ಬಿನಾಮ್ಲಗಳ ಲೆಕ್ಕ ಹಾಕಿದವರು. ಒಂದು ಎಲ್‌ಡಿಎಲ್ ಕಣದಲ್ಲಿ ಸುಮಾರು 2,700 ಕೊಬ್ಬಿನಾಮ್ಲಗಳು. ಅವುಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು, ಸುಲಭವಾಗಿ ಕಮಟು ಹಿಡಿಯುವ ಜಾತಿಯವು. ಮುಖ್ಯವಾಗಿ ಲಿನೋಲಿಯಿಕ್ ಆಮ್ಲ. ಇಷ್ಟೆಲ್ಲದರ ಕಾವಲಿಗೆ ಆ ಕಣದಲ್ಲಿರುವ ವಿಟಮಿನ್ ಇ ಅಣುಗಳು ಸರಾಸರಿ ಆರು. ಸಾವಿರಕ್ಕೂ ಮೀರಿದ ದುರ್ಬಲ ಅಣುಗಳಿಗೆ ಆರು ಕಾವಲುಗಾರರು ಸಾಲುವುದು ಹೇಗೆಂದು ಅಚ್ಚರಿಯಾಗುತ್ತದೆ. ರಕ್ತದಲ್ಲಿ ಇರುವವರೆಗೆ ಸಾಲುತ್ತದೆ, ಏಕೆಂದರೆ ಸುತ್ತಲಿನ ಪ್ಲಾಸ್ಮಾದಲ್ಲಿ ವಿಟಮಿನ್ ಸಿ, ಯೂರಿಕ್ ಆಮ್ಲ, ಆಲ್ಬುಮಿನ್ ಎಲ್ಲವೂ ಕಾವಲಿಗಿವೆ. ಲೋಹದ ಅಯಾನುಗಳನ್ನು ಬಿಡಿಯಾಗಿ ಓಡಾಡಲು ಬಿಡದೆ ಹಿಡಿದಿಟ್ಟುಕೊಳ್ಳುವ ಪ್ರೋಟೀನುಗಳೂ ಇವೆ. ತೊಂದರೆ ಶುರುವಾಗುವುದು ಕಣ ರಕ್ತದ ಹರಿವನ್ನು ಬಿಟ್ಟು ಗೋಡೆಯೊಳಗೆ ಇಳಿದಾಗ.

ಇಲ್ಲಿಗೆ ಬರುವ ಮೊದಲು ಒಂದು ಒಗಟನ್ನು ಹೇಳಬೇಕು. ಅದಿಲ್ಲದೆ ಉತ್ಕರ್ಷಣದ ಕಡೆಗೆ ಯಾರ ಗಮನವೂ ಹರಿಯುತ್ತಿರಲಿಲ್ಲ.

ಕೊಲೆಸ್ಟ್ರಾಲ್ ತಿನ್ನಿಸಿದರೆ ಮೊಲದ ಅಪಧಮನಿ ಕೆಡುತ್ತದೆಂದು ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ನಿಕೊಲಾಯ್ ಅನಿಚ್ಕೋವ್ 1913ರಲ್ಲೇ ತೋರಿಸಿದ್ದರು. ಕೆಟ್ಟ ಜಾಗವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ನೊರೆ ತುಂಬಿದಂತೆ ಕಾಣುವ ದಪ್ಪ ಕೋಶಗಳು. ಇವು ಬಹುಮಟ್ಟಿಗೆ ಮ್ಯಾಕ್ರೊಫೇಜ್‌ಗಳು, ಅಂದರೆ ಸತ್ತ ಕೋಶ, ಬ್ಯಾಕ್ಟೀರಿಯ, ಕಸಕಡ್ಡಿಗಳನ್ನು ನುಂಗಿ ದೇಹವನ್ನು ಶುಚಿಯಾಗಿಡುವ ಬಿಳಿ ರಕ್ತಕಣಗಳು. ಹೊಟ್ಟೆ ತುಂಬ ಕೊಲೆಸ್ಟ್ರಾಲ್ ಹನಿಗಳನ್ನು ತುಂಬಿಕೊಂಡ ಮ್ಯಾಕ್ರೊಫೇಜೇ ನೊರೆಕೋಶ. 1970ರ ದಶಕದಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೈನ್, ಕೋಶಗಳು ಎಲ್‌ಡಿಎಲ್ಲನ್ನು ಒಳಗೆಳೆದುಕೊಳ್ಳುವ ಗ್ರಾಹಕವನ್ನು ಕಂಡುಹಿಡಿದರು. ಈ ಗ್ರಾಹಕದ ವಿಶೇಷವೆಂದರೆ ಅದಕ್ಕೆ ಮಿತಿ ಗೊತ್ತಿದೆ: ಕೋಶದೊಳಗೆ ಕೊಲೆಸ್ಟ್ರಾಲ್ ಸಾಕಷ್ಟಾದ ಕೂಡಲೇ ಗ್ರಾಹಕಗಳ ತಯಾರಿ ಇಳಿಯುತ್ತದೆ. ಈ ಕೆಲಸಕ್ಕೆ ಇಬ್ಬರಿಗೂ 1985ರ ನೊಬೆಲ್ ಬಂತು.

ಆದರೆ ಅಲ್ಲೇ ಸಿಕ್ಕು ಎದುರಾಯಿತು. ಹುಟ್ಟಿನಿಂದಲೇ ಈ ಗ್ರಾಹಕ ಇಲ್ಲದ ಮಕ್ಕಳಿದ್ದಾರೆ. ತಂದೆ ತಾಯಿ ಇಬ್ಬರಿಂದಲೂ ದೋಷವಿರುವ ಜೀನ್ ಬಂದವರು. ಅವರ ರಕ್ತದಲ್ಲಿ ಎಲ್‌ಡಿಎಲ್ ವಿಪರೀತ ಏರಿರುತ್ತದೆ, ಎಳೆವಯಸ್ಸಿನಲ್ಲೇ ಹೃದಯಾಘಾತವಾಗುತ್ತದೆ, ಅಪಧಮನಿಯ ತುಂಬ ನೊರೆಕೋಶಗಳಿರುತ್ತವೆ. ಎಲ್‌ಡಿಎಲ್ಲನ್ನು ಒಳಗೆ ಬಿಟ್ಟುಕೊಳ್ಳುವ ಬಾಗಿಲೇ ಇಲ್ಲದ ಕೋಶ ಕೊಲೆಸ್ಟ್ರಾಲಿನಿಂದ ಉಬ್ಬಿದ್ದು ಹೇಗೆ? ಗಾಜಿನ ತಟ್ಟೆಯಲ್ಲಿ ಮ್ಯಾಕ್ರೊಫೇಜ್ ಬೆಳೆಸಿ ಎಷ್ಟು ಎಲ್‌ಡಿಎಲ್ ಸುರಿದರೂ ಅವು ನೊರೆಕೋಶವಾಗಲಿಲ್ಲ. 1979ರಲ್ಲಿ ಡಲ್ಲಾಸ್ ತಂಡ ಎಲ್‌ಡಿಎಲ್ಲಿನ ಲೈಸೀನುಗಳಿಗೆ ಅಸಿಟೈಲ್ ಗುಂಪು ಅಂಟಿಸಿ ಕೊಟ್ಟು ನೋಡಿತು. ಮ್ಯಾಕ್ರೊಫೇಜ್‌ಗಳು ಈಗ ಬಿಡುವಿಲ್ಲದೆ ನುಂಗಿ ಉಬ್ಬಿದವು. ಅಂದರೆ ಅವುಗಳಲ್ಲಿ ಇನ್ನೊಂದು ಬಾಗಿಲಿದೆ, ಆ ಬಾಗಿಲಿಗೆ ಸಾಕೆನ್ನುವುದು ಗೊತ್ತಿಲ್ಲ, ಅದು ಧನ ಆವೇಶ ಕಳೆದುಕೊಂಡ ಕಣಗಳನ್ನು ಗುರುತಿಸುತ್ತದೆ. ಸ್ಕಾವೆಂಜರ್ ಗ್ರಾಹಕ ಎಂದು ಅದಕ್ಕೆ ಹೆಸರಾಯಿತು. ಆದರೆ ಅಸಿಟೈಲ್ ಎಲ್‌ಡಿಎಲ್ ಪ್ರಯೋಗಾಲಯದ ಸೃಷ್ಟಿ. ದೇಹದಲ್ಲಿ ಅದೇ ಕೆಲಸ ಮಾಡುತ್ತಿರುವುದು ಯಾವುದು ಎಂಬುದು ಪ್ರಶ್ನೆಯಾಗಿ ಉಳಿಯಿತು.

ಉತ್ತರ ಬಂದದ್ದು ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೊ ಕೇಂದ್ರದಲ್ಲಿದ್ದ ಡೇನಿಯಲ್ ಸ್ಟೈನ್‌ಬರ್ಗ್ ಅವರ ಪ್ರಯೋಗಾಲಯದಿಂದ. 1981ರಲ್ಲಿ ಅವರ ತಂಡ ಎಲ್‌ಡಿಎಲ್ಲನ್ನು ರಕ್ತನಾಳದ ಒಳಪದರದ ಕೋಶಗಳ ಜೊತೆ ಒಂದು ರಾತ್ರಿ ಇಟ್ಟು, ಮಾರನೆಯ ದಿನ ಮ್ಯಾಕ್ರೊಫೇಜ್‌ಗಳಿಗೆ ಕೊಟ್ಟಿತು. ಅವು ಹೊಸ ಎಲ್‌ಡಿಎಲ್ಲಿಗಿಂತ ಹಲವು ಪಟ್ಟು ವೇಗವಾಗಿ ಅದನ್ನು ನುಂಗಿದವು. ಆ ರಾತ್ರಿ ಎಲ್‌ಡಿಎಲ್ಲಿಗೆ ಏನಾಯಿತು ಎಂಬುದನ್ನು ಬಿಡಿಸಲು ಮೂರು ವರ್ಷ ಹಿಡಿಯಿತು. ನನಗೆ ಈ ಇಡೀ ಇತಿಹಾಸದಲ್ಲಿ ಅತ್ಯಂತ ಇಷ್ಟವಾಗುವ ಭಾಗ ಇದು. ಕೋಶಗಳನ್ನು ಬೆಳೆಸುವ ದ್ರವದ ಮೇಲೆ ಎಲ್ಲವೂ ನಿಂತಿತ್ತು. ಹ್ಯಾಮ್ಸ್ ಎಫ್-10 ಎಂಬ ದ್ರವದಲ್ಲಿ ಎಲ್‌ಡಿಎಲ್ ಮಾರ್ಪಡುತ್ತಿತ್ತು. ಬೇರೊಂದು ದ್ರವದಲ್ಲಿ ಇಟ್ಟರೆ ಏನೂ ಆಗುತ್ತಿರಲಿಲ್ಲ. ಎಫ್-10ರಲ್ಲಿ ಅತ್ಯಲ್ಪ ಪ್ರಮಾಣದಲ್ಲಿ ತಾಮ್ರ ಮತ್ತು ಕಬ್ಬಿಣ ಇದ್ದವು. ಆ ಲೋಹಗಳನ್ನು ಕಟ್ಟಿಹಾಕುವ ರಾಸಾಯನಿಕ ಸೇರಿಸಿದರೆ ಮಾರ್ಪಾಡು ನಿಂತಿತು. ವಿಟಮಿನ್ ಇ ಸೇರಿಸಿದರೂ ನಿಂತಿತು. ಕೋಶಗಳನ್ನೇ ತೆಗೆದು ತಾಮ್ರ ಹೆಚ್ಚಿಸಿದರೆ ಕೋಶಗಳಿಲ್ಲದೆಯೂ ಮಾರ್ಪಾಡು ನಡೆಯಿತು. ಇದು ಉತ್ಕರ್ಷಣ ಎಂಬುದರಲ್ಲಿ ಸಂಶಯ ಉಳಿಯಲಿಲ್ಲ.

ಇದನ್ನು ವಿವರಿಸಿದ 1984ರ ಪ್ರಬಂಧದ ಲೇಖಕರಲ್ಲಿ ಸಂಪತ್ ಪಾರ್ಥಸಾರಥಿ ಒಬ್ಬರು. ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಿಎಚ್.ಡಿ. ಮುಗಿಸಿ ಅಮೆರಿಕಕ್ಕೆ ಹೋದವರು. ಉತ್ಕರ್ಷಣಗೊಂಡ ಎಲ್‌ಡಿಎಲ್ಲಿನ ಹೊರಮೈಯ ಫಾಸ್ಫೊಲಿಪಿಡ್‌ಗಳು ಒಂದು ಕಾಲು ಕಳೆದುಕೊಂಡು ಲೈಸೊಫಾಸ್ಫಟಿಡೈಲ್‌ಕೋಲೀನ್ ಆಗುತ್ತವೆ ಎಂಬುದನ್ನು ವಿವರವಾಗಿ ಬಿಡಿಸಿದ ಕೆಲಸದಲ್ಲಿ ಅವರ ಪಾಲು ದೊಡ್ಡದು. ಈ ಲೈಸೊ ರೂಪ, ಮುಂದೆ ಮ್ಯಾಕ್ರೊಫೇಜ್‌ಗಳಾಗಿ ಬೆಳೆಯುವ, ರಕ್ತದಲ್ಲಿರುವ ಮಾನೊಸೈಟ್‌ಗಳನ್ನು ಗೋಡೆಯ ಕಡೆಗೆ ಸೆಳೆಯುತ್ತದೆ. ಅದೇ ವರ್ಷ ಕ್ಲೀವ್‌ಲ್ಯಾಂಡ್‌ನ ಇನ್ನೊಂದು ತಂಡವೂ ಸ್ವತಂತ್ರವಾಗಿ, ಕೋಶಗಳು ಎಲ್‌ಡಿಎಲ್ಲನ್ನು ಉತ್ಕರ್ಷಿಸಿ ವಿಷವಾಗಿಸುತ್ತವೆಂದು ಪ್ರಕಟಿಸಿತು.

ಈಗ ಆ ಕ್ರಿಯೆಯನ್ನು ಕಣ್ಣೆದುರಿಗೆ ತರೋಣ. ರಕ್ತದಿಂದ ಬೇರ್ಪಡಿಸಿದ ಎಲ್‌ಡಿಎಲ್ ನೋಡಲು ಕಿತ್ತಳೆ ಬೆರೆತ ಹಳದಿ ಬಣ್ಣದ್ದು. ಕ್ಯಾರಟ್ಟಿನಲ್ಲಿರುವ ಬೀಟಾ ಕ್ಯಾರೊಟೀನ್ ಅದರಲ್ಲೂ ಸೇರಿಕೊಂಡಿರುತ್ತದೆ. ಎಸ್ಟರ್‌ಬಾವರ್ ಈ ದ್ರವಕ್ಕೆ ಚೂರು ತಾಮ್ರದ ಲವಣ ಹಾಕಿ, 234 ನ್ಯಾನೊಮೀಟರ್ ಅಲೆಯುದ್ದದ ನೇರಳಾತೀತ ಬೆಳಕು ಹಾಯಿಸಿ, ಉತ್ಕರ್ಷಣದ ಅಳತೆಯಾಗಿ ಎಷ್ಟು ಬೆಳಕು ಹೀರಲ್ಪಡುತ್ತದೆಂದು ನಿಮಿಷ ನಿಮಿಷಕ್ಕೂ ಅಳೆದರು. ಮೊದಲು ಬಹಳ ಹೊತ್ತು ಗೆರೆ ಮೇಲೇಳುವುದೇ ಇಲ್ಲ. ಏನೂ ನಡೆಯುತ್ತಿಲ್ಲವೆಂದು ತೋರುತ್ತದೆ, ಆದರೆ ನಡೆಯುತ್ತಿರುತ್ತದೆ: ವಿಟಮಿನ್ ಇ ಅಣುಗಳು ಒಂದೊಂದಾಗಿ ತಾವೇ ಉತ್ಕರ್ಷಣಕ್ಕೆ ಗುರಿಯಾಗಿ ಖರ್ಚಾಗುತ್ತಿರುತ್ತವೆ. ಅವು ಮುಗಿದ ಮೇಲೆ ಕ್ಯಾರೊಟೀನುಗಳ ಸರದಿ. ದ್ರವದ ಬಣ್ಣ ಮಾಸುತ್ತದೆ. ಕಾವಲುಗಾರರೆಲ್ಲ ಮುಗಿಯುತ್ತಿದ್ದಂತೆ ಗೆರೆ ಒಮ್ಮೆಲೇ ಕಡಿದಾಗಿ ಮೇಲೇರುತ್ತದೆ.

ಆ ಏರಿಕೆಯ ಒಳಗುಟ್ಟು ಸರಳ, ಹಾಗೆಯೇ ಕ್ರೂರ. ಲಿನೋಲಿಯಿಕ್ ಆಮ್ಲದ ಎರಡು ಜೋಡಿಬಂಧಗಳ ನಡುವೆ ಒಂದು ಇಂಗಾಲ ಸಿಕ್ಕಿಕೊಂಡಿರುತ್ತದೆ. ಅದರ ಮೇಲಿನ ಹೈಡ್ರೋಜನ್ ಹಿಡಿತ ಸಡಿಲು. ಯಾವುದಾದರೊಂದು ರ‍್ಯಾಡಿಕಲ್ ಬಂದು ಆ ಹೈಡ್ರೋಜನನ್ನು ಕಿತ್ತುಕೊಂಡರೆ ಇಂಗಾಲ ಜೊತೆಯಿಲ್ಲದ ಎಲೆಕ್ಟ್ರಾನ್ ಹೊತ್ತು ತಾನೂ ರ‍್ಯಾಡಿಕಲ್ ಆಗಿ ನಿಲ್ಲುತ್ತದೆ. ಆಮ್ಲಜನಕ ಕ್ಷಣದಲ್ಲಿ ಬಂದು ಅಂಟುತ್ತದೆ, ಪೆರಾಕ್ಸಿಲ್ ರ‍್ಯಾಡಿಕಲ್ ಹುಟ್ಟುತ್ತದೆ. ಅದು ಪಕ್ಕದ ಕೊಬ್ಬಿನಾಮ್ಲದ ಹೈಡ್ರೋಜನನ್ನು ಕಿತ್ತು ತಾನು ಶಾಂತವಾಗುತ್ತದೆ, ಪಕ್ಕದ್ದು ರ‍್ಯಾಡಿಕಲ್ ಆಗುತ್ತದೆ. ಹೀಗೆ ಸರಪಳಿ. ವಿಟಮಿನ್ ಇ ಮಾಡುವ ಕೆಲಸವೆಂದರೆ ನಡುವೆ ನುಗ್ಗಿ ತನ್ನ ಹೈಡ್ರೋಜನನ್ನೇ ಕೊಟ್ಟು ಸರಪಳಿ ಕಡಿಯುವುದು. ಸರಪಳಿ ಸಾಗಿದಂತೆ ಕೂಡಿಕೊಂಡ ಪೆರಾಕ್ಸೈಡುಗಳು ಒಡೆದು ಮ್ಯಾಲಾನ್‌ಡೈಆಲ್ಡಿಹೈಡ್, ಹೈಡ್ರಾಕ್ಸಿನಾನಿನಾಲ್ ಮುಂತಾದ ಚೂರುಗಳಾಗುತ್ತವೆ. ಇವು ಸುಮ್ಮನಿರುವ ಜಾತಿಯಲ್ಲ. ಪಕ್ಕದಲ್ಲೇ ಹಬ್ಬಿರುವ ಅಪೊಬಿ ಪ್ರೋಟೀನಿನ ಲೈಸೀನುಗಳಿಗೆ ಹೋಗಿ ಕಚ್ಚಿಕೊಳ್ಳುತ್ತವೆ. ಲೈಸೀನಿನ ಧನ ಆವೇಶ ಅಡಗುತ್ತದೆ. ಎಲ್‌ಡಿಎಲ್ ಗ್ರಾಹಕ ಈ ಆವೇಶವನ್ನು ನೋಡಿಯೇ ಕಣವನ್ನು ಗುರುತಿಸುವುದು. ಈಗ ಗುರುತು ಅಳಿಸಿಹೋಗಿದೆ. ಮಿತಿ ತಿಳಿದ ಬಾಗಿಲು ಈ ಕಣಕ್ಕೆ ಮುಚ್ಚಿತು, ಮಿತಿ ತಿಳಿಯದ ಬಾಗಿಲು ತೆರೆಯಿತು. ಡಲ್ಲಾಸ್‌ನವರು ಅಸಿಟೈಲ್ ಹಚ್ಚಿ ಮಾಡಿದ್ದನ್ನೇ ದೇಹ ಕೊಬ್ಬಿನ ಚೂರುಗಳನ್ನು ಬಳಸಿ ಮಾಡುತ್ತಿತ್ತು.

ದೇಹದಲ್ಲಿ ಇದು ನಡೆಯುವ ಜಾಗ ಅಪಧಮನಿಯ ಒಳಪದರದ ಕೆಳಗಿನ ಕಿರಿದಾದ ಎಡೆ. ಎಲ್‌ಡಿಎಲ್ ಅಲ್ಲಿಗೆ ನುಸುಳುವುದು ಸಹಜ; ಹಿಂತಿರುಗುವುದೂ ಸಹಜ. ಆದರೆ ಅಲ್ಲಿರುವ ಪ್ರೋಟಿಯೊಗ್ಲೈಕನ್ ಎಂಬ ಋಣ ಆವೇಶದ ಎಳೆಗಳು ಅಪೊಬಿಯ ಧನ ಆವೇಶದ ಭಾಗಗಳನ್ನು ಹಿಡಿದುಕೊಳ್ಳುತ್ತವೆ. ರಕ್ತದಲ್ಲಿ ಕಣಗಳ ಸಂಖ್ಯೆ ಹೆಚ್ಚಿದಷ್ಟೂ ಸಿಕ್ಕಿಬೀಳುವುದು ಹೆಚ್ಚು. ಸಿಕ್ಕಿಬಿದ್ದ ಕಣಕ್ಕೆ ಪ್ಲಾಸ್ಮಾದ ಕಾವಲು ಇಲ್ಲ. ಪ್ರಯೋಗಾಲಯದಲ್ಲಿ ತಾಮ್ರ ಮಾಡಿದ ಕೆಲಸವನ್ನು ಇಲ್ಲಿ ಲಿಪಾಕ್ಸಿಜೆನೇಸ್, ಮೈಲೊಪೆರಾಕ್ಸಿಡೇಸ್‌ನಂಥ ಕಿಣ್ವಗಳು ಮಾಡುತ್ತವೆ. ಇವುಗಳಲ್ಲಿ ಎರಡನೆಯದು ಬಿಳಿ ರಕ್ತಕಣಗಳ ಅಸ್ತ್ರ. ಬ್ಯಾಕ್ಟೀರಿಯವನ್ನು ಕೊಲ್ಲಲು ಅವು ಬ್ಲೀಚಿಂಗ್ ಪುಡಿ ನೀರಿಗೆ ಬಿದ್ದಾಗ ಹುಟ್ಟುವಂಥದೇ ಹೈಪೊಕ್ಲೋರಸ್ ಆಮ್ಲವನ್ನು ಈ ಕಿಣ್ವದಿಂದ ತಯಾರಿಸುತ್ತವೆ. ಅಲ್ಪಸ್ವಲ್ಪ ಉತ್ಕರ್ಷಣಗೊಂಡ ಎಲ್‌ಡಿಎಲ್ ಒಳಪದರದ ಕೋಶಗಳನ್ನು ಕೆಣಕುತ್ತದೆ, ಅವು ಮಾನೊಸೈಟ್‌ಗಳನ್ನು ಕರೆಯುತ್ತವೆ, ಬಂದವು ಮ್ಯಾಕ್ರೊಫೇಜ್‌ಗಳಾಗುತ್ತವೆ, ಅವು ಇನ್ನಷ್ಟು ಉತ್ಕರ್ಷಣ ಮಾಡುತ್ತವೆ. ನುಂಗಿದ ಕೋಶ ಅಲ್ಲಿಂದ ಕದಲಲಾಗದೆ ನೊರೆಕೋಶವಾಗಿ ಉಳಿದು, ಸತ್ತು, ತನ್ನ ಕೊಲೆಸ್ಟ್ರಾಲನ್ನು ಗೋಡೆಯಲ್ಲೇ ಚೆಲ್ಲುತ್ತದೆ. ಹೀಗೆ ಗೋಡೆಯಲ್ಲಿ ಕೂಡಿಕೊಂಡದ್ದೇ ಪ್ಲಾಕ್. ಇದರ ಆರಂಭ ಎಷ್ಟು ಬೇಗ ಆಗುತ್ತದೆಂದರೆ, ಇಟಲಿಯ ಕ್ಲಾಡಿಯೊ ನಪೊಲಿ ಮತ್ತು ಸಂಗಡಿಗರು 1997ರಲ್ಲಿ ಭ್ರೂಣಗಳ ಮಹಾಪಧಮನಿಯಲ್ಲೇ ಕೊಬ್ಬಿನ ಗೆರೆಗಳನ್ನೂ ಉತ್ಕರ್ಷಣಗೊಂಡ ಎಲ್‌ಡಿಎಲ್ಲನ್ನೂ ಕಂಡರು. ತಾಯಿಯ ಕೊಲೆಸ್ಟ್ರಾಲ್ ಹೆಚ್ಚಿದ್ದಲ್ಲಿ ಅವು ಹೆಚ್ಚಿದ್ದವು.

ಸಿದ್ಧಾಂತ ಇಷ್ಟು ಅಚ್ಚುಕಟ್ಟಾದ ಮೇಲೆ ಔಷಧದ ಆಸೆ ಹುಟ್ಟದೆ ಇರದು. ಜಪಾನಿನ ಕೋಬೆಯಲ್ಲಿ ಯೋಶಿಯೊ ವಾತಾನಾಬೆ ಬೆಳೆಸಿದ್ದ ಮೊಲಗಳ ತಳಿಯಲ್ಲಿ ಎಲ್‌ಡಿಎಲ್ ಗ್ರಾಹಕ ಕೆಲಸ ಮಾಡುವುದಿಲ್ಲ. 1987ರಲ್ಲಿ ಸ್ಯಾನ್ ಡಿಯಾಗೊ ತಂಡ ಈ ಮೊಲಗಳಿಗೆ ಪ್ರೊಬುಕಾಲ್ ಎಂಬ ಉತ್ಕರ್ಷಣನಿರೋಧಕ ಔಷಧ ಕೊಟ್ಟಿತು. ಹೋಲಿಸಿ ನೋಡಲು ಇನ್ನೊಂದು ಗುಂಪಿಗೆ ಕೊಲೆಸ್ಟ್ರಾಲ್ ಇಳಿಸುವ ಲೊವಾಸ್ಟಾಟಿನ್ ಕೊಟ್ಟು ಎರಡೂ ಗುಂಪಿನ ಕೊಲೆಸ್ಟ್ರಾಲ್ ಒಂದೇ ಮಟ್ಟದಲ್ಲಿರುವಂತೆ ನೋಡಿಕೊಂಡಿತು. ಪ್ರೊಬುಕಾಲ್ ಗುಂಪಿನ ಅಪಧಮನಿ ಗಮನಾರ್ಹವಾಗಿ ಚೊಕ್ಕಟವಾಗಿತ್ತು. 1993ರಲ್ಲಿ ಹಾರ್ವರ್ಡ್‌ನಿಂದ ಎರಡು ಸಮೀಕ್ಷೆಗಳು ಒಟ್ಟಿಗೆ ಬಂದವು. 87,000ಕ್ಕೂ ಹೆಚ್ಚು ನರ್ಸ್‌ಗಳಲ್ಲಿ ಮತ್ತು ಸುಮಾರು 40,000 ಪುರುಷರಲ್ಲಿ, ವಿಟಮಿನ್ ಇ ಹೆಚ್ಚು ಸೇವಿಸುವವರಿಗೆ ಹೃದಯರೋಗದ ಅಪಾಯ ಸರಿಸುಮಾರು ಮೂರನೇ ಒಂದು ಭಾಗ ಕಡಿಮೆ ಎಂದು ಅವು ಹೇಳಿದವು. ವಿಟಮಿನ್ ಇ ಗುಳಿಗೆಗಳು ಅಂಗಡಿಯಿಂದ ಅಂಗಡಿಗೆ ಹರಿದವು.

ಆಮೇಲೆ ನಿಜವಾದ ಪರೀಕ್ಷೆಗಳು ಬಂದವು. ಯಾರಿಗೆ ಗುಳಿಗೆ, ಯಾರಿಗೆ ಸಪ್ಪೆ ಗುಳಿಗೆ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸುವ ಪರೀಕ್ಷೆಗಳು. 2000ದಲ್ಲಿ ಪ್ರಕಟವಾದ ಹೋಪ್ ಅಧ್ಯಯನದಲ್ಲಿ 9,500ಕ್ಕೂ ಹೆಚ್ಚು ಮಂದಿ ನಾಲ್ಕೂವರೆ ವರ್ಷ ದಿನಕ್ಕೆ 400 ಯೂನಿಟ್ ವಿಟಮಿನ್ ಇ ತೆಗೆದುಕೊಂಡರೂ, ಸಪ್ಪೆ ಗುಳಿಗೆ ತೆಗೆದುಕೊಂಡರೂ ಫಲಿತಾಂಶ ಒಂದೇ. ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ನಿರ್ಣಾಯಕವಾದದ್ದು 2002ರಲ್ಲಿ ಆಕ್ಸ್‌ಫರ್ಡ್‌ನಿಂದ ಪ್ರಕಟವಾದ ಹಾರ್ಟ್ ಪ್ರೊಟೆಕ್ಷನ್ ಸ್ಟಡಿ. ಅದರಲ್ಲಿದ್ದವರು 20,536 ಜನ. ಅವರಲ್ಲಿ ಅರ್ಧದಷ್ಟು ಜನರಿಗೆ ಐದು ವರ್ಷ ದಿನವೂ 600 ಮಿಲಿಗ್ರಾಂ ವಿಟಮಿನ್ ಇ, 250 ಮಿಲಿಗ್ರಾಂ ವಿಟಮಿನ್ ಸಿ, 20 ಮಿಲಿಗ್ರಾಂ ಬೀಟಾ ಕ್ಯಾರೊಟೀನ್. ರಕ್ತದಲ್ಲಿ ವಿಟಮಿನ್ ಇ ಸುಮಾರು ಎರಡು ಪಟ್ಟಾಯಿತು. ಹೃದಯಾಘಾತ, ಪಾರ್ಶ್ವವಾಯು, ಸಾವು ಯಾವುದೂ ಕಡಿಮೆಯಾಗಲಿಲ್ಲ. ಅದೇ ಜನರನ್ನು ಇನ್ನೊಂದು ರೀತಿಯಲ್ಲಿ ವಿಂಗಡಿಸಿ ಅರ್ಧ ಜನರಿಗೆ ಎಲ್‌ಡಿಎಲ್ ಇಳಿಸುವ ಸಿಮ್ವಾಸ್ಟಾಟಿನ್ 40 ಮಿಲಿಗ್ರಾಂ ಕೊಡಲಾಗಿತ್ತು. ಅಲ್ಲಿ ಹೃದಯಾಘಾತವೂ ಪಾರ್ಶ್ವವಾಯುವೂ ಸುಮಾರು ಕಾಲು ಭಾಗದಷ್ಟು ಇಳಿದವು. ಒಂದೇ ಅಧ್ಯಯನ, ಅವೇ ಜನ, ಅದೇ ಐದು ವರ್ಷ. ಕಣಗಳಿಗೆ ಕಾವಲು ಹೆಚ್ಚಿಸಿದ್ದು ಫಲ ಕೊಡಲಿಲ್ಲ, ಕಣಗಳ ಸಂಖ್ಯೆ ಇಳಿಸಿದ್ದು ಫಲ ಕೊಟ್ಟಿತು.

ಸೋತದ್ದೇಕೆ? ಹಾರ್ವರ್ಡ್ ಸಮೀಕ್ಷೆಗಳ ಮಟ್ಟಿಗೆ ಉತ್ತರ ನೇರ. ತಾವಾಗಿಯೇ ವಿಟಮಿನ್ ಕೊಂಡು ನುಂಗುವವರು ಉಳಿದ ವಿಷಯಗಳಲ್ಲೂ ಆರೋಗ್ಯದ ಕಾಳಜಿ ಉಳ್ಳವರು. ಎಷ್ಟೇ ಲೆಕ್ಕ ಸರಿದೂಗಿಸಿದರೂ ಆ ವ್ಯತ್ಯಾಸ ಪೂರ್ತಿ ಅಳಿಯುವುದಿಲ್ಲ. ರಸಾಯನಶಾಸ್ತ್ರದ ಉತ್ತರಗಳು ಇನ್ನೂ ಸ್ವಾರಸ್ಯದವು. ಮೈಲೊಪೆರಾಕ್ಸಿಡೇಸ್ ಹುಟ್ಟಿಸುವ ಹೈಪೊಕ್ಲೋರಸ್ ಆಮ್ಲ ಕೊಬ್ಬಿನ ಸರಪಳಿಗಾಗಿ ಕಾಯುವುದಿಲ್ಲ, ನೇರವಾಗಿ ಪ್ರೋಟೀನಿನ ಮೇಲೆ ಎರಗುತ್ತದೆ. ಅಲ್ಲಿ ವಿಟಮಿನ್ ಇಗೆ ಮಾಡಲು ಕೆಲಸವಿಲ್ಲ. ಇನ್ನೊಂದು, ಹೈಡ್ರೋಜನ್ ಕೊಟ್ಟ ವಿಟಮಿನ್ ಇ ತಾನೇ ರ‍್ಯಾಡಿಕಲ್ ಆಗಿ ಉಳಿಯುತ್ತದೆ. ವಿಟಮಿನ್ ಸಿ ಅಥವಾ ಕೋಎನ್‌ಜೈಮ್ ಕ್ಯೂ10 ಬಂದು ಅದನ್ನು ಸರಿಪಡಿಸದಿದ್ದರೆ, ಆ ಪುಟ್ಟ ಗೋಳದೊಳಗೆ ಸಿಕ್ಕಿಬಿದ್ದು ಅದೇ ಸರಪಳಿಯನ್ನು ಮುಂದಕ್ಕೆ ತಳ್ಳಬಲ್ಲದು. ಆಸ್ಟ್ರೇಲಿಯದಲ್ಲಿ ರೋಲಂಡ್ ಸ್ಟಾಕರ್ ಮತ್ತು ಸಂಗಡಿಗರು 1990ರ ದಶಕದ ಆರಂಭದಲ್ಲೇ ಇದನ್ನು ತೋರಿಸಿದ್ದರು. ಮೂರನೆಯದಾಗಿ, ಈ ಅಧ್ಯಯನಗಳಲ್ಲಿದ್ದವರು ಬಹುಪಾಲು ಆಗಲೇ ರೋಗ ಬಲಿತವರು. ಎಳೆಯ ಮೊಲದ ಹೊಸ ಗೆರೆಯನ್ನು ತಡೆದ ಉಪಾಯ ಅರವತ್ತು ದಾಟಿದವರ ಹಳೆಯ ಪ್ಲಾಕಿಗೆ ನಾಟಬೇಕೆಂದಿಲ್ಲ.

ಹಾಗಾದರೆ ಉತ್ಕರ್ಷಣದ ಮಾತೇ ಸುಳ್ಳೇ ಎಂದು ಕೇಳುವವರಿದ್ದಾರೆ. ಹಾಗೆ ಹೇಳಲು ನಾನು ಒಪ್ಪುವುದಿಲ್ಲ. ಮನುಷ್ಯರ ಪ್ಲಾಕಿನಿಂದಲೇ ಉತ್ಕರ್ಷಣಗೊಂಡ ಎಲ್‌ಡಿಎಲ್ ಬೇರ್ಪಡಿಸಿದ್ದಾರೆ, ಅದರ ವಿರುದ್ಧದ ಪ್ರತಿಕಾಯಗಳು ನಮ್ಮೆಲ್ಲರ ರಕ್ತದಲ್ಲಿವೆ. ಬೀಡಿ ಸಿಗರೇಟಿನ ಹೊಗೆ ರ‍್ಯಾಡಿಕಲ್‌ಗಳನ್ನು ತಂದು ಸುರಿಯುತ್ತದೆ, ಜೊತೆಗೆ ರಕ್ತದ ವಿಟಮಿನ್ ಸಿ ಇಳಿಸುತ್ತದೆ. ಮಧುಮೇಹದಲ್ಲಿ ಸಕ್ಕರೆ ಅಂಟಿದ ಎಲ್‌ಡಿಎಲ್ ಇನ್ನೂ ಸುಲಭವಾಗಿ ಉತ್ಕರ್ಷಣಕ್ಕೆ ತುತ್ತಾಗುತ್ತದೆ. ಹಾಗೆಂದು, ಉತ್ಕರ್ಷಣಗೊಂಡ ಎಲ್‌ಡಿಎಲ್ಲನ್ನು ಅಳೆದು ಕೊಡುತ್ತೇವೆನ್ನುವ ರಕ್ತಪರೀಕ್ಷೆಗೆ ಹಣ ಸುರಿಯಬೇಕಿಲ್ಲ. ನಡೆಯುವುದು ಗೋಡೆಯೊಳಗೆ, ರಕ್ತದಲ್ಲಿ ಸಿಗುವುದು ಅದರ ಅತ್ಯಲ್ಪ ಭಾಗ.

ಅಡುಗೆಮನೆಯ ಪ್ರಶ್ನೆಯೂ ಬಂದೇ ಬರುತ್ತದೆ. 1987ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಮಾರ್ಕ್ ಜೇಕಬ್ಸನ್ ಭಾರತೀಯ ತುಪ್ಪದಲ್ಲಿ ಉತ್ಕರ್ಷಣಗೊಂಡ ಕೊಲೆಸ್ಟ್ರಾಲ್ ಇದೆ, ತಾಜಾ ಬೆಣ್ಣೆಯಲ್ಲಿ ಇಲ್ಲ ಎಂದು ಬರೆದು, ಹೊರದೇಶಗಳಲ್ಲಿ ನೆಲೆಸಿದ ಭಾರತೀಯರ ಹೃದಯರೋಗಕ್ಕೆ ಇದು ಕಾರಣವಿರಬಹುದೆಂದು ಊಹಿಸಿದರು. ಅದು ಊಹೆಯಾಗಿಯೇ ಉಳಿಯಿತು. ತಿಂದ ಆಹಾರದ ಉತ್ಕರ್ಷಣಗೊಂಡ ಕೊಬ್ಬು ಒಂದಿಷ್ಟು ರಕ್ತಕ್ಕೆ ಸೇರುವುದು ನಿಜ; ಬೋಂಡ ಕರಿದ ಎಣ್ಣೆಯನ್ನೇ ಮತ್ತೆ ಮತ್ತೆ ಕಾಯಿಸುವುದರ ವಿರುದ್ಧ ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ 2018ರಿಂದ, ಎಣ್ಣೆ ಕೆಟ್ಟಾಗ ಹುಟ್ಟುವ ಧ್ರುವೀಯ ಸಂಯುಕ್ತಗಳಿಗೆ ಶೇ. 25ರ ಮಿತಿ ಹಾಕಿರುವುದು ಒಳ್ಳೆಯ ನಿಯಮ. ಆದರೆ ಗೋಡೆಯಲ್ಲಿನ ಎಲ್‌ಡಿಎಲ್ ಉತ್ಕರ್ಷಣಗೊಳ್ಳಲು ಕರಿದ ಎಣ್ಣೆಯೇ ಬೇಕಿಲ್ಲ.

ಈ ಸಂಶೋಧನೆ ಹೊಸ ತಿರುವು ಪಡೆದದ್ದು ಪ್ರತಿಕಾಯಗಳ ದಾರಿಯಲ್ಲಿ. ಸ್ಟೈನ್‌ಬರ್ಗ್ ಅವರ ಸಹೋದ್ಯೋಗಿ ಜೋಸೆಫ್ ವಿಟ್ಜ್‌ಟಮ್ ಅಪಧಮನಿ ರೋಗವಿರುವ ಇಲಿಗಳಿಂದ ಇ06 ಎಂಬ ಪ್ರತಿಕಾಯ ಪಡೆದರು. ಅದು ಉತ್ಕರ್ಷಣಗೊಂಡ ಫಾಸ್ಫೊಲಿಪಿಡ್‌ಗಳನ್ನು ಹಿಡಿಯುತ್ತದೆ, ಹೊಸದಾದವನ್ನು ಮುಟ್ಟುವುದಿಲ್ಲ. ಅದರ ಜೀನ್ ಓದಿದಾಗ, ನ್ಯುಮೋಕಾಕಸ್ ಬ್ಯಾಕ್ಟೀರಿಯದಿಂದ ಇಲಿಗಳನ್ನು ಕಾಯುವ, ದಶಕಗಳಿಂದ ಪರಿಚಿತವಾದ ಪ್ರತಿಕಾಯವೇ ಇದು ಎಂದು ತಿಳಿಯಿತು. ಬ್ಯಾಕ್ಟೀರಿಯದ ಗೋಡೆಯಲ್ಲೂ ಕಮಟು ಹಿಡಿದ ಎಲ್‌ಡಿಎಲ್ಲಿನ ಮೈಯಲ್ಲೂ ಫಾಸ್ಫೊಕೋಲೀನ್ ಎಂಬ ಅದೇ ಗುಂಪು ಹೊರಗೆ ತೆರೆದುಕೊಂಡಿರುತ್ತದೆ. 2003ರಲ್ಲಿ ಅವರು ಇಲಿಗಳಿಗೆ ನ್ಯುಮೋಕಾಕಸ್ ಲಸಿಕೆ ಹಾಕಿದಾಗ ಅಪಧಮನಿ ರೋಗ ಕಡಿಮೆಯಾಯಿತು. ಇದೇ ಇ06 ಬಳಸಿ ಮನುಷ್ಯರ ರಕ್ತ ಪರೀಕ್ಷಿಸಿದಾಗ, ಉತ್ಕರ್ಷಣಗೊಂಡ ಫಾಸ್ಫೊಲಿಪಿಡ್‌ಗಳನ್ನು ಹೆಚ್ಚಾಗಿ ಹೊತ್ತಿರುವುದು ಎಲ್‌ಡಿಎಲ್ಲಿನ ಹತ್ತಿರದ ನೆಂಟ ಲಿಪೊಪ್ರೋಟೀನ್-ಎ ಎಂದು ಕಂಡಿತು. ಓಸ್ಲೊದ ಕೋರೆ ಬರ್ಗ್ 1963ರಲ್ಲಿ ಗುರುತಿಸಿದ ಈ ಕಣದ ಮಟ್ಟ ಬಹುತೇಕ ಹುಟ್ಟಿನಿಂದಲೇ ನಿರ್ಧಾರವಾಗಿರುತ್ತದೆ, ಪಥ್ಯದಿಂದ ಇಳಿಯುವುದಿಲ್ಲ. ದಕ್ಷಿಣ ಏಷ್ಯಾದವರಲ್ಲಿ ಅದು ಏರಿರುವುದು ಸಾಮಾನ್ಯವಾದ್ದರಿಂದ, ಮನೆತನದಲ್ಲಿ ಐವತ್ತರೊಳಗೆ ಹೃದಯಾಘಾತವಾದವರು ಇದ್ದರೆ ಜೀವನದಲ್ಲಿ ಒಮ್ಮೆ ಅದನ್ನು ಅಳೆಸಿಕೊಳ್ಳುವುದು ಮೇಲು. 2018ರಲ್ಲಿ ಸ್ಯಾನ್ ಡಿಯಾಗೊ ತಂಡ ಇ06ರ ತುಣುಕು ದೇಹದಲ್ಲೇ ಸದಾ ತಯಾರಾಗುವಂಥ ಇಲಿಗಳನ್ನು ಬೆಳೆಸಿತು. ಕೊಲೆಸ್ಟ್ರಾಲ್ ಭಾರಿ ಏರಿದ್ದರೂ ಆ ಇಲಿಗಳ ಅಪಧಮನಿಯಲ್ಲಿ ಪ್ಲಾಕ್ ಕಡಿಮೆ ಬೆಳೆಯಿತು, ಮಹಾಪಧಮನಿಯ ಕವಾಟ ಸುಣ್ಣಗಟ್ಟುವುದೂ ತಗ್ಗಿತು.